ವರದಮ್ಮನವರ ಕಾರಿನ ಪ್ಲಗ್ಗೂ ಮಂಚಣ್ಣನ ದುಡಿಮೆಮಾಪಕವೂ

“ಮನುಷ್ಯ ಸುಳ್ಳು ಹೇಳ್ಬೋದು, ಜಾತ್ಕ ಸುಳ್ಳು ಹೇಳ್ಬೋದು, ಈ ಮಿಷನ್ನು ಮಾತ್ರ ಹೇಳಕ್ಕಿಲ್ಲ ಕನ ಅಕ್ಕಾ!” ಎಂದು ಘೋಷಿಸಿ, ಮಂಚಣ್ಣ ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ವರದಮ್ಮನವರ ಕಾರಿನ ಶೆಡ್ಡಿನಲ್ಲಿ ತನ್ನ ಹೊಸ ಯಂತ್ರದ ಮೇಲಿದ್ದ ಟವೆಲ್ಲನ್ನು ಎಳೆದ.

ಟವೆಲ್ಲಿನಡಿ ಇದ್ದದ್ದು ಒಂದು ಇಡ್ಲಿ ಪಾತ್ರೆ. ಅದರ ಸುತ್ತ ತಾಮ್ರದ ತಂತಿ, ಪಕ್ಕದಲ್ಲಿ ಎರಡು ಗೇಜು, ಮೇಲೆ ಗುಜರಿ ಅಂಗಡಿಯಿಂದ ತಂದ ಬಸ್ ಸ್ಟ್ಯಾಂಡಿನ ಧ್ವನಿವರ್ಧಕ. ಮಂಚಣ್ಣ ವರದಮ್ಮನವರ ಪಕ್ಕದ ಮನೆಯವನು. ಮಂಡ್ಯದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರಿನ ಗೇಜು ನೋಡಿ ನಿವೃತ್ತನಾದವನು. ಅಂದಿನಿಂದ ಲೋಕದಲ್ಲಿ ಅಳೆಯದೆ ಉಳಿದದ್ದನ್ನೆಲ್ಲ ಅಳೆದೇ ಸಾಯುತ್ತೇನೆಂದು ಶಪಥ ಮಾಡಿದ್ದ.

“ಇದರ ಹೆಸರು ದುಡಿಮೆಮಾಪಕ. ಯಾವ ವಸ್ತು ಇಟ್ರೂ ಅದ್ರ ವಯಸ್ಸೆಷ್ಟು, ಅದು ದುಡಿದಿರೋದೆಷ್ಟು, ಎರಡೂ ಹೇಳ್ಬುಡ್ತದೆ. ಆಮೇಲೆ ನಿಮ್ಮ ಪ್ಲಗ್ ಬದಲಾಯಿಸ್ಬೇಕೋ ಬ್ಯಾಡ್ವೋ, ನೀವೇ ಹೇಳಿ!”

“ಅದನ್ನ ಹೇಳಕ್ಕೆ ಮಿಷನ್ ಯಾಕಣ್ಣಾ? ನಾನಿಲ್ವಾ?” ಎಂದ ಮೆಕ್ಯಾನಿಕ್ ಇನಾಯತ್. ಅವನ ಜೇಬಿನಲ್ಲಿ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್‌ಗಳ ಡಬ್ಬಿ ಇತ್ತು. “ಪುಸ್ತಕದಲ್ಲಿ ಬರ್ದದೆ ಮಿಸ್. ನಲವತ್ ಸಾವಿರ ಕಿಲೋಮೀಟ್ರು ಇಲ್ಲಾ ನಾಕು ವರ್ಷ. ಯಾವ್ದು ಮೊದ್ಲು ಬತ್ತದೋ ಅದು.”

“ನನ್ನ ಕಾರು ಓಡಿರೋದು ಹದಿನಾಲ್ಕು ಸಾವಿರದ ಮುನ್ನೂರು, ಇನಾಯತ್.”

“ಓಡಿರೋದು ಸರಿ. ನಿಂತಿರೋದು ಹತ್ತೊಂಬತ್ತು ವರ್ಷ!”

ನಿವೃತ್ತ ಹೆಡ್‌ಮಿಸ್ ವರದಮ್ಮನವರಿಗೆ ತಮ್ಮ ಕಾರಿನ ಮೇಲಿದ್ದದ್ದು ಪ್ರೀತಿಯಲ್ಲ, ಭಕ್ತಿ. ಮಳೆ ಬಂದರೆ ಹೊರಗೆ ತೆಗೆಯುತ್ತಿರಲಿಲ್ಲ, ಬಿಸಿಲಿದ್ದರೆ ಬಣ್ಣ ಹೋಗುತ್ತದೆಂದು ತೆಗೆಯುತ್ತಿರಲಿಲ್ಲ. ಮೋಡ ಮುಸುಕಿದ ದಿನ ಮಾತ್ರ ಶ್ರೀರಂಗಪಟ್ಟಣದವರೆಗೆ ಹೋಗಿ ಹೊಳೆ ನೋಡಿ ವಾಪಸ್. ವರ್ಷವರ್ಷವೂ ಆಯುಧಪೂಜೆಗೆ ನಾಲ್ಕೂ ಪ್ಲಗ್ ಬಿಚ್ಚಿಸಿ, ತೊಳೆದು, ಬೆಳ್ಳಿ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಒರೆಸದೆ ಹಾಗೇ ಹಾಕಿಸುತ್ತಿದ್ದರು. ಒರೆಸಿದರೆ ದೇವರಿಗೆ ಏನನ್ನಿಸೀತು? ಹೀಗಾಗಿ ಪ್ಲಗ್ಗಿನ ತುದಿಗೆ ಹತ್ತಿದ್ದು ಮಸಿಯೋ ಕುಂಕುಮವೋ ಎಂಬುದು ಇನಾಯತನಿಗೂ ಬಗೆಹರಿದಿರಲಿಲ್ಲ.

ಆದರೆ ಈ ಸಲದ ಪ್ರಶ್ನೆ ಪ್ಲಗ್ಗಿನದಷ್ಟೇ ಆಗಿರಲಿಲ್ಲ. ಟೀಚರ್ಸ್ ಟ್ರೈನಿಂಗಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ ಬೊಳ್ಳಮ್ಮ ಮಡಿಕೇರಿಯಲ್ಲಿದ್ದಳು. “ನಾನೇ ಕಾರು ಓಡಿಸ್ಕೊಂಡು ನಿನ್ನ ಮನೆಗೆ ಊಟಕ್ಕೆ ಬರ್ತೀನಿ ನೋಡು!” ಎಂದು ವರದಮ್ಮ ಕಾರು ಕೊಂಡ ದಿನವೇ ಮಾತು ಕೊಟ್ಟಿದ್ದರು. ಬಸ್ಸಿನಲ್ಲಿ ಹೋಗಲು ಹಟ ಬಿಡಲಿಲ್ಲ, ಕಾರಿನಲ್ಲಿ ಹೋಗಲು ಮೋಡ ಕೂಡಿ ಬರಲಿಲ್ಲ. ಕಳೆದ ಸೋಮವಾರ ಬೊಳ್ಳಮ್ಮ ಫೋನ್ ಮಾಡಿದ್ದಳು. “ಭಾನುವಾರ ನನಗೆ ಅರವತ್ತು ತುಂಬುತ್ತೆ ವರದಾ. ಈ ಸಲವೂ ಬರದಿದ್ರೆ ಇನ್ನು ಕರೆಯೋದಿಲ್ಲ. ಕೋಪ ಅಲ್ಲ, ಕರೆದು ಕರೆದು ಸಾಕಾಗಿದೆ.” ಆ ಮಾತು ವರದಮ್ಮನವರ ಎದೆಗೆ ನಾಟಿತ್ತು. ಹೋಗಲೇಬೇಕು. ಆದರೆ ಹಳೇ ಪ್ಲಗ್ಗನ್ನು ನಂಬಿ ಮಡಿಕೇರಿ ದಾರಿಯ ಸುಂಟಿಕೊಪ್ಪದ ಏರಿನಲ್ಲಿ ಕಾರು ನಿಂತರೆ? ಹೊಸದು ಹಾಕಿಸಿದರೆ ಹತ್ತೊಂಬತ್ತು ವರ್ಷ ಪೂಜೆ ಮಾಡಿದ ಪ್ಲಗ್ಗನ್ನು ಬಿಸಾಡುವುದೇ?

ಇನಾಯತ್ ಬಿಚ್ಚಿಕೊಟ್ಟ ನಾಲ್ಕು ಪ್ಲಗ್ಗನ್ನೂ ಮಂಚಣ್ಣ ನಾಲ್ಕು ಇಡ್ಲಿ ಕುಳಿಯಲ್ಲಿ ಕೂರಿಸಿ ಸ್ವಿಚ್ ಒತ್ತಿದ. ಪಾತ್ರೆ ಗುಂಯ್ ಎಂದಿತು. ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು.

“ಪ್ರಯಾಣಿಕರ ಗಮನಕ್ಕೆ. ಈ ವಸ್ತುಗಳ ವಯಸ್ಸು ಹತ್ತೊಂಬತ್ತು ವರ್ಷ. ದುಡಿದಿರುವುದು ಹದಿನೇಳು ದಿನ. ಉಳಿದ ಕಾಲ ಪೂಜೆ.”

“ಆಹಾ!” ಮಂಚಣ್ಣ ಕುಣಿದ. “ಕರೆಕ್ಟಾಗಿ ಹೇಳ್ತು ನೋಡಿ!”

“ಹದಿನೇಳೇ ದಿನ!” ವರದಮ್ಮನವರ ಮುಖ ಅರಳಿತು. “ಅಂದ್ರೆ ಹೊಸ ಪ್ಲಗ್ ಇದ್ದಂಗೇ ಆಯ್ತಲ್ಲ! ಇನಾಯತ್, ಇವನ್ನೇ ಹಾಕು. ಎಂಟೂವರೆಗೆ ನಾನು ಹೊರಡ್ಬೇಕು.”

“ಮಿಸ್, ನನ್ ಮಾತ್ ಕೇಳಿ. ಕೂತು ಕೂತೂ ಹಾಳಾಯ್ತದೆ ಮಿಸ್!”

“ಹೆಡ್‌ಮಿಸ್ ಯಾರು, ನೀನೋ ನಾನೋ?”

ಮೂರನೇ ಕ್ಲಾಸಿನಲ್ಲಿ ಅವರ ಕೈಲೇ ಮಗ್ಗಿ ಕಲಿತಿದ್ದ ಇನಾಯತ್ ಪ್ಲಗ್ ಎತ್ತಿಕೊಂಡ. ಅವು ಬಿಸಿಯಾಗಿದ್ದವು, ಸಣ್ಣಗೆ ನಡುಗುತ್ತಲೂ ಇದ್ದವು. ಯಂತ್ರದಿಂದ ಬಂದ ಬಿಸಿ ಇರಬೇಕೆಂದು ಅವನು ಬಾನೆಟ್ಟಿನೊಳಗೆ ಬಗ್ಗಿದ.

ಅಷ್ಟರಲ್ಲಿ ಮಂಚಣ್ಣನ ಹೆಂಡತಿ ದೇವೀರಮ್ಮ ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡು ಬಂದರು. “ಇಡ್ಲಿ ಪಾತ್ರೆ ಕಾಣೆ ಅಂತ ಊರೆಲ್ಲಾ ಉಡುಕ್ತಾವ್ನಿ, ಇಲ್ಲಿ ಅದಾ!”

“ವಿಜ್ಞಾನಕ್ಕೆ ಕೊಟ್ಟಿವ್ನಿ ಕನ, ಸುಮ್ಕಿರು! ನೋಡು, ನಿನ್ ಛತ್ರಿ ಇಲ್ಲಿಡು.”

“ಪ್ರಯಾಣಿಕರ ಗಮನಕ್ಕೆ. ವಯಸ್ಸು ಎಂಟು ವರ್ಷ. ಬಿಚ್ಚಿದ್ದು ಹನ್ನೊಂದು ಸಲ.”

“ನಮ್ಮೂರಲ್ಲಿ ಮಳೆ ಎಲ್ಲದೆ ಬಿಚ್ಚಕ್ಕೆ?” ಎಂದರು ದೇವೀರಮ್ಮ.

“ಮನ್ಷುರ್ನೂ ಅಳೀತದೆ!” ಎಂದು ಮಂಚಣ್ಣ ಉತ್ಸಾಹದಲ್ಲಿ ತನ್ನ ಅಂಗೈಯನ್ನೇ ಪಾತ್ರೆಯೊಳಗೆ ಊರಿದ.

“ಪ್ರಯಾಣಿಕರ ಗಮನಕ್ಕೆ. ವಯಸ್ಸು ಅರವತ್ತಮೂರು ವರ್ಷ. ಮನೆಗೆಲಸ ಮಾಡಿದ್ದು ನಲವತ್ತು ನಿಮಿಷ.”

“ನಲವತ್ತು ನಿಮ್ಸವಾ?” ದೇವೀರಮ್ಮ ಸೊಂಟದ ಮೇಲೆ ಕೈಯಿಟ್ಟರು. “ಯಾವಾಗ ಮಾಡ್ದೆ? ನಾ ಕಂಡೇ ಇಲ್ವಲ್ಲ!”

ಉತ್ತರ ಬರುವ ಮೊದಲೇ ಛತ್ರಿ ತಾನಾಗಿ ಪಟಾರೆಂದು ಬಿಚ್ಚಿಕೊಂಡಿತು. ಮುಚ್ಚಿಕೊಂಡಿತು. ಮತ್ತೆ ಬಿಚ್ಚಿಕೊಂಡಿತು. ಬಾವಲಿಯ ಹಾಗೆ ಪಟಪಟ ಬಡಿಯುತ್ತ ಶೆಡ್ಡಿನ ಸೂರಿಗೆ ಹಾರಿ ಅಲ್ಲೇ ನೇತಾಡಿತು. ಎಲ್ಲರೂ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಾಗ ಕೆಳಗಿನಿಂದ ಸರಬರ ಸದ್ದು ಕೇಳಿಸಿತು. ಮಂಚಣ್ಣ ಪೊರಕೆ ಹಿಡಿದು ಶೆಡ್ಡು ಗುಡಿಸುತ್ತಿದ್ದ!

“ಅಕ್ಕಾ, ಕೈ ನಿಲ್ತಾ ಇಲ್ಲ!” ಎಂದು ಕಿರುಚುತ್ತಲೇ ಅವನು ಮೂಲೆಯ ಕಸವನ್ನೂ ಬಿಡದೆ ಬಳಿದ. “ತಂತಿ ಉಲ್ಟಾ ಕೊಟ್ಬುಟ್ಟಿವ್ನಿ! ದುಡಿಮೆ ಅಳೆಯೋ ಬದ್ಲು ಒಳಕ್ ಸುರ್ದ್‌ಬುಟ್ಟದೆ! ಮಾಡ್ದೆ ಬುಟ್ಟಿರೋ ಕೆಲ್ಸನೆಲ್ಲ ಈಗ ಮಾಡುಸ್ತದೆ!”

“ಎಲ್ಲೀಗಂಟ?” ಎಂದು ದೇವೀರಮ್ಮ ಕೇಳಿದರು.

“ಮುಗಿಯೋಗಂಟ!”

“ಹಂಗಾರೆ ಮಿಷನ್ ರಿಪೇರಿ ಮಾಡ್ಬ್ಯಾಡಿ,” ಎಂದರು ದೇವೀರಮ್ಮ ಕೂಡಲೇ. “ಯಾರೂ ಮುಟ್ಬ್ಯಾಡಿ. ಕುಕ್ಕರ್ ಬೇಕಾರೂ ತಂದ್ಕೊಡ್ತೀನಿ, ಇನ್ನೊಂದು ಮಾಡ್ಕಳಿ!”

ವರದಮ್ಮನವರಿಗೆ ಆಗ ಹೊಳೆಯಿತು. ಛತ್ರಿಗೆ ಹೀಗಾದರೆ, ಮಂಚಣ್ಣನಿಗೆ ಹೀಗಾದರೆ, ಪ್ಲಗ್ಗಿಗೆ?

“ಇನಾಯತ್! ಹಾಕ್ಬೇಡ!”

“ಹಾಕಾಯ್ತು ಮಿಸ್,” ಎಂದು ಇನಾಯತ್ ಬಾನೆಟ್ ಮುಚ್ಚಿದ.

ಬೀಗದ ಕೈ ವರದಮ್ಮನವರ ಸೊಂಟದಲ್ಲೇ ಇತ್ತು. ಆದರೂ ಕಾರು ತಾನಾಗಿ ಗುಡುಗಿತು! ಎರಡು ಸಲ ಕೆಮ್ಮಿ, ಹತ್ತೊಂಬತ್ತು ಆಯುಧಪೂಜೆಗಳ ಕುಂಕುಮವನ್ನು ಹೊಗೆಕೊಳವೆಯಿಂದ ಕೆಂಪಗೆ ಉಗುಳಿ, ಮುಂದಕ್ಕೆ ಜಿಗಿಯಿತು. ಇನಾಯತ್ ಗೋಡೆಗೆ ಅಂಟಿಕೊಂಡ. ವರದಮ್ಮನವರಿಗೆ ಹೆದರಿಕೆ ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಸಾವಿರಾರು ಮಕ್ಕಳು ಗೇಟು ದಾಟಿ ಓಡಿಹೋಗದಂತೆ ತಡೆದ ಹೆಡ್‌ಮಿಸ್ಸಿಗೆ ಒಂದು ಕಾರು ಯಾವ ಲೆಕ್ಕ? ಸೆರಗು ಸಿಕ್ಕಿಸಿಕೊಂಡು, ಬಾಗಿಲು ತೆಗೆದು, ಒಳಗೆ ಹಾರಿ ಸ್ಟೇರಿಂಗ್ ಹಿಡಿದರು.

“ಎಲ್ಲಿಗ್ ಮಿಸ್?” ಇನಾಯತ್ ಹಿಂದೆ ಓಡುತ್ತ ಕೂಗಿದ.

“ಹೆಂಗೂ ನಿಲ್ಲಲ್ಲ ಅಂತದೆ. ಮಡಿಕೇರಿಗೇ ಹೋಯ್ತೀನಿ!”

ಬ್ರೇಕ್ ಒತ್ತಿದರೆ ನಡೆಯುವ ವೇಗಕ್ಕೆ ಇಳಿಯುತ್ತಿತ್ತು, ನಿಲ್ಲುವ ಮಾತೇ ಇಲ್ಲ. ಪೆಟ್ರೋಲಿನ ಮುಳ್ಳು ಅಲುಗಲೇ ಇಲ್ಲ, ಪ್ಲಗ್ಗುಗಳಿಗೆ ಪೆಟ್ರೋಲಿನ ವಾಸನೆಯೇ ಸಾಕಾಗಿತ್ತೇನೋ. ಹುಣಸೂರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಂದಾಗ ವರದಮ್ಮನವರು ಪಕ್ಕದ ಮೈದಾನಕ್ಕೆ ನುಗ್ಗಿಸಿ, ಹಸಿರು ಬರುವವರೆಗೆ ಮೂರು ಸುತ್ತು ಹಾಕಿದರು. ಕ್ರಿಕೆಟ್ ಆಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಕುಶಾಲನಗರ ದಾಟಿತು. ಯಾವ ಏರನ್ನು ನೆನೆದು ಇಷ್ಟು ವರ್ಷ ನಿದ್ದೆಗೆಟ್ಟಿದ್ದರೋ ಆ ಏರನ್ನು ಕಾರು ಮೇಕೆಯಂತೆ ಹತ್ತಿತು. ಇಷ್ಟು ಸುಲಭದ ದಾರಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ವರದಮ್ಮನವರಿಗೆ ನಗು ಬಂತು, ಹಿಂದೆಯೇ ಕಣ್ಣೂ ಒದ್ದೆಯಾಯಿತು.

ಹನ್ನೆರಡೂವರೆಗೆ ಬೊಳ್ಳಮ್ಮನ ಮನೆ ಬಂತು. ತಲೆ ಪೂರ್ತಿ ನರೆತ ಬೊಳ್ಳಮ್ಮ ಗೇಟಿನ ಬಳಿ ನಿಂತಿದ್ದಳು. ಕಾರು ಅವಳೆದುರು ಮೆಲ್ಲಗೆ ಬಂತು, ಮೆಲ್ಲಗೆ ಹಾದೂ ಹೋಯಿತು.

“ಏ ವರದಾ! ನಿಲ್ಲಿಸೇ!” ಬೊಳ್ಳಮ್ಮ ಪಕ್ಕದಲ್ಲೇ ಓಡುನಡಿಗೆ ಹಾಕಿದಳು. “ಹತ್ತೊಂಬತ್ತು ವರ್ಷ ಕಾಯಿಸಿ ಈಗ ಮುಖ ತೋರಿಸಿ ಹೋಗ್ತೀಯಾ?”

“ನಿಲ್ಲಲ್ಲ ಕಣೇ, ಏನ್ ಮಾಡ್ಲಿ! ಊಟ ಏನು?”

“ಕಡಂಬುಟ್ಟು, ಕೋಳಿ ಸಾರು!”

“ಕ್ಯಾರಿಯರ್‌ಗೆ ಹಾಕ್ಕೊಂಡು ಬಾ. ಒಂದು ಸುತ್ತು ಹಾಕ್ಕೊಂಡು ಬರ್ತೀನಿ, ಹತ್ಕೋ!”

ಬೊಳ್ಳಮ್ಮ ಒಂದು ಗಳಿಗೆ ಯೋಚಿಸಿದಳು. ಹುಟ್ಟುಹಬ್ಬಕ್ಕೆ ಬಂದ ಹನ್ನೆರಡು ನೆಂಟರು ಒಳಗೆ ಕೂತಿದ್ದರು. ಅವರ ಪಾಡಿಗೆ ಅವರು ಉಣ್ಣಲಿ ಎಂದುಕೊಂಡು ಅಡುಗೆಮನೆಗೆ ಓಡಿದಳು. ಎರಡನೇ ಸುತ್ತಿಗೆ ಕ್ಯಾರಿಯರ್ ಕಿಟಕಿಯೊಳಗೆ ಬಂತು, ಮೂರನೇ ಸುತ್ತಿಗೆ ಬೊಳ್ಳಮ್ಮ ಬಂದಳು.

ಮೂರನೆಯ ದಿನ ಇನಾಯತನಿಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಗಾಳಿ, ಸಮುದ್ರದ ಸದ್ದು, ಇಬ್ಬರು ಹೆಂಗಸರ ನಗು. ಇತ್ತ ಮಂಚಣ್ಣ ತನ್ನ ಮನೆಯ ಪಾತ್ರೆ ಮುಗಿಸಿ ಬೀದಿಯ ಏಳನೇ ಮನೆಯ ಪಾತ್ರೆ ಬೆಳಗುತ್ತಿದ್ದ, ದೇವೀರಮ್ಮ ಸರದಿಯ ಚೀಟಿ ಹಂಚುತ್ತಿದ್ದರು.

“ಎಲ್ಲಿದ್ದೀರಾ ಮಿಸ್?”

“ಗೋಕರ್ಣ ದಾಟ್ದೋ. ಗೋವಾ ನೋಡ್ಬೇಕು ಅಂತಾಳೆ ಇವಳು. ಇನಾಯತ್, ಪ್ಲಗ್ ಯಾವಾಗ ಬದಲಾಯಿಸ್ಬೇಕು ಅಂತ ಈಗ ಗೊತ್ತಾಯ್ತು ಕಣಪ್ಪ.”

“ಯಾವಾಗ ಮಿಸ್?”

“ಕಾರು ನಿಂತಿರೋವಾಗ.”