ಮಾಳಮಡ್ಡಿಗೆ ಬಂದ ಸಮುದ್ರ

ನಮ್ಮ ಕಾಕಾ ಧಾರವಾಡಕ್ಕೆ ಸಮುದ್ರ ತಂದಿದ್ದರು ಎಂದರೆ ನೀವು ನಗುತ್ತೀರಿ. ನಗಿರಿ, ನನ್ನ ಗಂಟೇನು ಹೋಗುತ್ತದೆ! ಉಳಿದವರು ಸಮುದ್ರ ನೋಡಲು ಗೋವಾಕ್ಕೋ ಕಾರವಾರಕ್ಕೋ ಹೋಗುತ್ತಾರೆ. ಸಮುದ್ರವನ್ನೇ ಮನೆಗೆ ಕರೆಸಿಕೊಂಡವರು ಇವರೊಬ್ಬರೇ. ಎರಡು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳ. ಚಿಕ್ಕದು, ಒಪ್ಪುತ್ತೇನೆ. ಆದರೆ ನೀರು ಮಾತ್ರ ಅಪ್ಪಟ ಸಮುದ್ರದ್ದು. ಬೆರಳದ್ದಿ ನೆಕ್ಕಿ ನೋಡಿದ್ದಕ್ಕೆ ನಾನೇ ಅವರಿಂದ ಬೈಸಿಕೊಂಡಿದ್ದೇನೆ.

ಇದು ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದೆ. ಇರುವುದು, ಉಣ್ಣುವುದು ಮಾಳಮಡ್ಡಿಯ ಕಾಕಾರ ಮನೆಯಲ್ಲಿ. ಕಾಕಾ ರೈಲಿನಲ್ಲಿ ಗಾರ್ಡ್ ಆಗಿ ಮೂವತ್ತು ವರ್ಷ ಗೋವಾದ ಕಡೆ ಗಾಡಿ ಬಿಟ್ಟು ನಿವೃತ್ತರಾದವರು. ಗಾರ್ಡುಗಿರಿ ಬಿಟ್ಟಿತೇ ಹೊರತು ಸೀಟಿ ಬಿಡಲಿಲ್ಲ. ಊಟಕ್ಕೆ ಎಲ್ಲರೂ ಕುಳಿತದ್ದು ಖಾತ್ರಿಯಾದ ಮೇಲೆ ಬೆರಳೆತ್ತಿ "ಹೂಂ, ಬಿಡ್ರಿ!" ಅನ್ನುತ್ತಿದ್ದರು, ಆಮೇಲೆಯೇ ನಾವು ಅನ್ನಕ್ಕೆ ಕೈ ಹಾಕಬೇಕು. ತಮ್ಮಿಂದ ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಗಾಡಿ ತಡವಾದರೆ ತಪ್ಪು ಎಂಜಿನ್ನಿನದು. ಕೊಡೆ ಮರೆತು ಬಂದರೆ ತಪ್ಪು ಮಳೆಯದು, ಅದೇಕೆ ನಡುವೆ ನಿಲ್ಲಬೇಕಿತ್ತು?

ಅವರ ಹೆಂಡತಿ, ನಮ್ಮ ಕಾಕೂ, ಇದಕ್ಕೆ ತದ್ವಿರುದ್ಧ. ಯಾರ ತಪ್ಪಿದ್ದರೂ ತನ್ನದೇ ಎಂದು ಎಳೆದುಕೊಳ್ಳುವ ಜೀವ. ಅವರಿಗೆ ಎರಡು ಮಕ್ಕಳು ಹುಟ್ಟಿ, ಎರಡೂ ತಿಂಗಳು ತುಂಬುವುದರೊಳಗೆ ಅವರ ಕೈಯಲ್ಲೇ ಹೋಗಿದ್ದವು. ಅಂದಿನಿಂದ "ನನ್ನ ಕೈಗುಣ ಛಲೋ ಇಲ್ಲವಾ" ಎಂದು ತಾವೇ ನಿರ್ಧರಿಸಿಬಿಟ್ಟಿದ್ದರು. ಒಂದು ಸಸಿ ನೆಡುತ್ತಿರಲಿಲ್ಲ, ಮೊಸರಿಗೆ ಹೆಪ್ಪು ಹಾಕಲೂ ನನ್ನನ್ನು ಕರೆಯುತ್ತಿದ್ದರು. ನೆರೆಮನೆಯವರು ಎಳೆಗೂಸು ಎತ್ತಿಕೊಂಡು ಬಂದರೆ ಸಾಕು, ಕಾಕೂಗೆ ಅಡಿಗೆಮನೆಯಲ್ಲಿ ಏನೋ ಉಕ್ಕುತ್ತಿರುತ್ತಿತ್ತು.

ಇಂಥ ಮನೆಗೆ ಸಮುದ್ರ ಬಂತು. ಕಾಕಾ ಯಾರದೋ ಮದುವೆಗೆಂದು ಮದರಾಸಿಗೆ ಹೋದವರು, ಅಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲಿನ ಮೀನು ಆಡುವುದನ್ನು ನೋಡಿ, ಮದುವೆ ಮರೆತು ಬಂದರು. ಬಂದವರೇ ಹಳೇ ಹುಬ್ಬಳ್ಳಿಯ ಕಂದೀಲು ಮಿಸ್ತ್ರಿಗೆ ಹೇಳಿಕಳಿಸಿದರು. ಅವರು ರೈಲಿನ ದೀಪಗಳಿಗೆ ಗಾಜು ಕೂರಿಸುವ ಸಾಬರು, ಕಾಕಾರ ಹಳೆಯ ಗೆಳೆಯರು. ಅಳತೆ ಕೇಳಿ ಅವರಿಗೆ ದಿಗಿಲಾಯಿತು.

"ಇಷ್ಟ ದೊಡ್ಡ ಕಂದೀಲದಾಗ ದೀಪ ಎಲ್ಲಿ ಇಡಾವ್ರು ರೀ?"

"ದೀಪ ಅಲ್ಲೋ ಮಾರಾಯ, ಮೀನಾ ಇಡಾಂವ."

ಮಿಸ್ತ್ರಿ ಕಾಕಾರ ಜನಿವಾರ ನೋಡಿದರು. ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿ, "ನಾ ಯಾರಿಗೂ ಹೇಳೂದಿಲ್ಲ ಬಿಡ್ರಿ" ಅಂದರು.

"ತಿನ್ನಲಿಕ್ಕೆ ಅಲ್ಲೋ! ನೋಡಲಿಕ್ಕೆ!"

"ಹಂಗ ಅನ್ರಿ, ಹಂಗ ಅನ್ರಿ" ಎಂದು ಮಿಸ್ತ್ರಿ ಕಣ್ಣು ಮಿಟುಕಿಸಿ ಅಳತೆ ಬರೆದುಕೊಂಡರು.

ಸಾಗವಾನಿ ಚೌಕಟ್ಟು, ಡಾಂಬರಿನ ಸಂದು, ದಪ್ಪ ಗಾಜು. ತೊಟ್ಟಿ ಬಂತು, ನೀರು? ಹಳೆಯ ಗಾರ್ಡು ಗೆಳೆಯರೆಲ್ಲ ಇರುವುದೇಕೆ ಮತ್ತೆ! ಉಪ್ಪಿನಕಾಯಿಯ ದೊಡ್ಡ ಭರಣಿಗಳು ಖಾಲಿಯಾಗಿ ಗೋವಾಕ್ಕೆ ಹೋದವು, ಕಡಲು ತುಂಬಿಕೊಂಡು ಬಂದವು. ಗಡಿಯಲ್ಲಿ ಸುಂಕದವರಿಗೆ ಗುಮಾನಿ. ಗೋವಾದಿಂದ ಬರುವ ಭರಣಿ, ಬಾಯಿಗೆ ಬಟ್ಟೆ ಬಿಗಿದದ್ದು. ಒಳಗೆ ಫೇಣಿ ಸಾರಾಯಿಯಲ್ಲದೆ ಇನ್ನೇನು? ಒಬ್ಬರು ಆಸೆಯಿಂದಲೇ ಒಂದು ಗುಟುಕು ಎಳೆದರಂತೆ. ಮುಖ ಕಿವುಚಿಕೊಂಡು, "ಇದನ್ಯಾಕ ಒಯ್ಯಾಕತ್ತೀರಿ?" ಎಂದು ಕೇಳಿದ್ದಕ್ಕೆ ಆ ಗಾರ್ಡು ಸಾವಕಾಶವಾಗಿ, "ಧಾರವಾಡದಾಗ ಇದು ಸಿಗೂದಿಲ್ಲರಿ" ಅಂದರಂತೆ. ತಪ್ಪೇನಿದೆ ಹೇಳಿ!

ನೀರಿನ ಉಪ್ಪು ಸರಿಯಿದೆಯೇ ಎಂದು ಅಳೆಯಲು ಕಾಕಾ ಹಾಲು ಪರೀಕ್ಷೆ ಮಾಡುವ ಗಾಜಿನ ಕೊಳವೆಯೊಂದನ್ನು ಯಾರಿಂದಲೋ ಈಸಿಕೊಂಡು ಬಂದರು. ಸಮುದ್ರದ ನೀರೂ ಒಳ್ಳೆಯ ಹಾಲೂ ಹೆಚ್ಚುಕಡಿಮೆ ಒಂದೇ ತೂಕವಂತೆ. ಕೈಯಲ್ಲಿ ಕೊಳವೆ ಇದೆ, ಎದುರಿಗೆ ಗೌಳಿ ಬಂದ. ಸುಮ್ಮನಿರುತ್ತಾರೆಯೇ? ಅವನ ತಂಬಿಗೆಯಲ್ಲೂ ಅದ್ದಿ ನೋಡಿದರು.

"ಏ ಗೌಳಿ, ನಿನ್ನ ಹಾಲಿಗಿಂತ ಸಮುದ್ರ ಗಟ್ಟಿ ಅದಲ್ಲೋ!"

"ಎಮ್ಮಿಗೆ ಉಪ್ಪು ಕಮ್ಮಿ ಆಗಿರಬೇಕ್ರಿ" ಎಂದು ಅವನು ತಲೆ ತಗ್ಗಿಸಿ ಹೋದ. ಮರುದಿನದಿಂದ ನಮ್ಮ ಕಾಫಿಗೆ ಬೇರೆಯೇ ರುಚಿ ಬಂತು. ಸಮುದ್ರದಿಂದ ನನಗಾದ ಮೊದಲ ಲಾಭ ಅದು.

ಇನ್ನು ಗಾಳಿ. ನೀರಿನೊಳಗೆ ಗಾಳಿ ಗುಳುಗುಳು ಎನ್ನುತ್ತಿರಬೇಕು, ಇಲ್ಲವಾದರೆ ಜೀವ ನಿಲ್ಲುವುದಿಲ್ಲ. ಓಣಿಯ ಸಂಗೀತ ಮಾಸ್ತರರ ಮನೆಯಲ್ಲಿ ಸ್ವರ ಸತ್ತ ಹಾರ್ಮೋನಿಯಮ್ ಒಂದಿತ್ತು; ಅದರ ತಿದಿಗೆ ರಬ್ಬರಿನ ನಳಿಕೆ ಸೇರಿಸಿ ತೊಟ್ಟಿಗೆ ಇಳಿಬಿಟ್ಟರು. ಆಮೇಲೆ ನಮ್ಮ ಮನೆಗೆ ಬಂದವರು ಮೊದಲು ನೂರು ಸಲ ತಿದಿ ಒತ್ತಬೇಕು, ಆಮೇಲೆ ಚಹಾ. ಬರುವವರೇ ಕಡಿಮೆಯಾದರು. ಮಾಸ್ತರರು ಮಾತ್ರ ತಪ್ಪದೆ ಬಂದು, ತಿದಿ ಒತ್ತುತ್ತ ಕಣ್ಣುಮುಚ್ಚಿ ಒಂದು ತಾಸು ಹಾಡಿ ಹೋಗುತ್ತಿದ್ದರು. ಮುಂದೆ ಮೀನು ಬಂದ ಮೇಲಂತೂ, "ನನ್ನ ಶಿಷ್ಯರಿಗಿಂತ ಮೀನ ಛಲೋ ನೋಡ್ರಿ. ನಡುವ ಎದ್ದು ಹೋಗೂದಿಲ್ಲ" ಎನ್ನುವರು. ಎದ್ದು ಎಲ್ಲಿಗೆ ಹೋಗಬೇಕು ಪಾಪ!

ಅಮಾವಾಸ್ಯೆಗೆ ಓಣಿಯ ಅಜ್ಜಿಯರ ದಂಡು ಬಂತು, ಕೈಯಲ್ಲಿ ಬೆಳ್ಳಿ ಲೋಟ. "ಸಮುದ್ರಸ್ನಾನದ ಪುಣ್ಯ ಮನೀ ಬಾಗಲಿಗೆ ಬಂದದ, ಒಂದ ಚಮಚಾ ಹಾಕೋ." ಸಂಜೆಗೆ ನೋಡಿದರೆ ನೀರು ಎರಡು ಬೆರಳು ಇಳಿದಿತ್ತು. ಕಾಕಾ ಬಾಗಿಲಿಗೆ ರೈಲಿನ ಕೆಂಪು ಬಾವುಟ ಕಟ್ಟಿದರು.

ತೊಟ್ಟಿ ತುಂಬಿದ ಮೇಲೆ ಒಂದು ತಿಂಗಳು ಬರೀ ನೀರು, ಮರಳು, ಕಲ್ಲು. ಆಮೇಲೆ ನಾಲ್ಕು ಮಸುಕು ಬಣ್ಣದ ಮೀನು, ಒಂದು ಹಿಡಿ ಬಸವನಹುಳ. ಇದರ ಹಿಂದೆ ಕಾಕಾರ ಒಂದು ಸಿದ್ಧಾಂತವಿತ್ತು.

"ಹೊಸಾ ಮನಿಗೆ ಮೊದಲ ಗಟ್ಟಿ ಮಂದಿ ಹೋಗಿ ಇರಬೇಕು. ಮನಿ ಹದಕ್ಕ ಬಂದಮ್ಯಾಲೆ ಸೂಕ್ಷ್ಮ ಮಂದಿ. ನಿಮ್ಮ ಕಾಕೂ ಈ ಮನಿಗೆ ಬರೂದಕ್ಕಿಂತ ಮೊದಲ ನಮ್ಮವ್ವ ಇದ್ದಳಲ್ಲಾ, ಹಂಗ."

"ನಿಮ್ಮವ್ವ ಗಟ್ಟಿ ಇದ್ರು, ಅದು ಖರೇ" ಎಂದು ಅಡಿಗೆಮನೆಯಿಂದ ಉತ್ತರ ಬಂತು. ಕಾಕಾ ವಿಷಯ ಬದಲಿಸಿದರು.

ಎರಡನೆಯ ತಿಂಗಳ ಕೊನೆಗೆ ಸೂಕ್ಷ್ಮ ಮಂದಿ ಬಂದಿಳಿದರು. ಒಂದು ನಕ್ಷತ್ರಮೀನು, ಮೂರು ಗಾಜಿನಂಥ ಸಿಗಡಿ, ಒಂದು ಕಡಲಹೂವು. ಹೂವೆಂದರೆ ಗಿಡದ ಹೂವಲ್ಲ, ಜೀವ. ಕಲ್ಲಿಗೆ ಅಂಟಿಕೊಂಡು, ನೂರು ಎಸಳು ಬಿಚ್ಚಿ, ಮುಟ್ಟಿದರೆ ಮುದುಡಿ ಕೂರುತ್ತದೆ. ಇಂಥವನ್ನು ತಂದ ಕೂಡಲೇ ತೊಟ್ಟಿಗೆ ಬಿಡುವಂತಿಲ್ಲ. ಅವು ಬಂದ ಭರಣಿಗೆ ನಮ್ಮ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಅರ್ಧ ದಿನ ಬೀಳಿಸಿ, ರೂಢಿ ಮಾಡಿಸಿ, ಆಮೇಲೆ ಬಿಡಬೇಕು. ಗಾಡಿಯನ್ನು ನಿಮಿಷ ಲೆಕ್ಕದಲ್ಲಿ ಬಿಟ್ಟ ಮನುಷ್ಯನಿಗೆ ಅರ್ಧ ದಿನ ಹನಿ ಎಣಿಸುವ ತಾಳ್ಮೆ ಎಲ್ಲಿಂದ ಬರಬೇಕು?

ಆಗ ಕಾಕೂ ಸೆರಗು ಹಿಂಡುತ್ತ ಹೊಸ್ತಿಲಲ್ಲಿ ನಿಂತರು. ಮುದುಡಿ ಕುಳಿತ ಆ ಹೂವನ್ನೇ ನೋಡುತ್ತಿದ್ದರು.

"ನಾ ಕೂಡ್ಲೇನ್ರಿ ಇದರ ಮುಂದ?"

ಕಾಕಾ, ನಾನು ಮುಖ ಮುಖ ನೋಡಿಕೊಂಡೆವು. ಮಕ್ಕಳು ಹೋದ ಮೇಲಿನ ಹದಿನೆಂಟು ವರ್ಷಗಳಲ್ಲಿ ಕಾಕೂ ಒಂದು ಎಳೆಜೀವದ ಹತ್ತಿರ ತಾವಾಗಿ ಬಂದದ್ದು ಅದೇ ಮೊದಲು. "ಕೂಡು, ಕೂಡು!" ಎಂದು ಕಾಕಾ ತಮ್ಮ ಮಣೆಯನ್ನೇ ಎಳೆದು ಕೊಟ್ಟರು.

ಕಾಕೂ ಮಡಿಯುಟ್ಟು ಬಂದರು. ದೇವರಮನೆಯಿಂದ ಅಭಿಷೇಕದ ತಾಮ್ರದ ಪಾತ್ರೆ ತಂದರು. ತಳದಲ್ಲಿ ಸಣ್ಣ ತೂತಿರುವ ಪಾತ್ರೆ. ಹುಣಸೆಹಣ್ಣು ಹಾಕಿ ತಿಕ್ಕಿ ಕೆಂಪಗೆ ಬೆಳಗಿದ್ದರು. ಹನಿ ಬೀಳಿಸಲು ಇದಕ್ಕಿಂತ ಒಳ್ಳೆಯದು ಬೇಕೆ? ತಾಮ್ರಕ್ಕಿಂತ ಶುದ್ಧ ಮತ್ತೊಂದು ಲೋಹ ಇದೆಯೇ? ಕಾಕಾ ಹೌದೆಂದರು, ನಾನೂ ಹೌದೆಂದೆ. ಅರ್ಧ ದಿನ ಸಾಕೆಂದರೆ ಕಾಕೂ ಇಡೀ ದಿನ ಕುಳಿತರು. ಆಮೇಲೆ, ಆವಿಯಾಗಿ ಇಳಿದಷ್ಟಕ್ಕೆ ದಿನವೂ ತೊಟ್ಟಿಗೆ ಸೇರಿಸುವ ಬಾವಿಯ ನೀರನ್ನು ಕೂಡ ಅದೇ ಪಾತ್ರೆಯಿಂದ ಹನಿಸತೊಡಗಿದರು. ಹೂವು ಬಿಚ್ಚಿತು. ಆ ಎರಡು ದಿನ ನಮ್ಮ ಮನೆಯಲ್ಲಿ ಕಾಕೂ ಹಾಡುಗಳನ್ನು ಗುನುಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮೂರನೆಯ ದಿನ ಸಿಗಡಿಗಳು ಅಡ್ಡಬಿದ್ದವು. ನಾಲ್ಕನೆಯ ದಿನ ನಕ್ಷತ್ರದ ತೋಳು ಕಳಚಿತು. ಹೂವು ಮುದುಡಿ, ಕಪ್ಪಾಗಿ, ಕಲ್ಲು ಬಿಟ್ಟು ತೇಲಿತು. ಬಸವನಹುಳಗಳೂ ಹೋದವು. ಮೀನುಗಳು ಮಾತ್ರ ಏನೂ ಆಗದವರಂತೆ ತಿರುಗುತ್ತಿದ್ದವು.

ಕಾಕೂ ಅಳಲಿಲ್ಲ. "ನಾ ಮೊದಲ ಹೇಳಿದ್ದೆ. ನನ್ನ ಕೈಯಾಗ ಏನೂ ಬದುಕೂದಿಲ್ಲ" ಅಂದು ಒಳಗೆ ಹೋದರು. ಮರುದಿನ ಪಡಸಾಲೆಗೆ ಕಸ ಹೊಡೆಯುವಾಗ ತೊಟ್ಟಿಗೆ ಬೆನ್ನು ಮಾಡಿ ಹೊಡೆದರು.

ಕಾಕಾ ಮುಂಬೈಯ ಒಬ್ಬ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಿಗೆ ಎಲ್ಲವನ್ನೂ ಬಿಡದೆ ಬರೆದು ಕೇಳಿದರು. ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬಂತು. ಕಾಕಾ ಒಡೆಯುವಷ್ಟರಲ್ಲಿ ಕಾಕೂ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ನೀ ಓದಿ ಹೇಳವಾ. ಇವರು ತಮಗ ಬೇಕಾದಂಗ ಓದ್ತಾರ" ಎಂದು ಕಾಗದ ನನ್ನ ಕೈಗೆ ಕೊಡಿಸಿದರು.

ನಾನು ಕಣ್ಣಾಡಿಸಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ತಾಮ್ರದ ಪಾತ್ರೆಯೇ ಕಾರಣ. ಮನುಷ್ಯರಿಗೆ ಒಳ್ಳೆಯದಾದ ತಾಮ್ರ ಕಡಲಿನ ಮೆತ್ತನೆಯ ಜೀವಗಳಿಗೆ ವಿಷ. ಚೂರು ಬೆರೆತರೂ ಮೀನು ತಡೆದೀತು, ಹೂವು ತಡೆಯದು. ಇದನ್ನು ಕಾಕೂಗೆ ಹೇಗೆ ಓದಿ ಹೇಳಲಿ? ಶಾಲೆಯಲ್ಲಿ ದಿನವೂ ಹುಡುಗಿಯರಿಗೆ ಸತ್ಯವನ್ನೇ ನುಡಿಯಬೇಕೆಂದು ಹೇಳಿಕೊಡುವವಳು ನಾನು! ತಲೆಯೆತ್ತಿದೆ. ಕಾಕಾ ನನ್ನ ಹೆಗಲ ಮೇಲಿಂದ ಓದಿಬಿಟ್ಟಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಓದವಾ, ಯಾಕ ನಿಂತಿ?" ಅಂದರು ಕಾಕೂ.

ಕಾಕಾ ಮೆಲ್ಲಗೆ ನನ್ನ ಕೈಯಿಂದ ಕಾಗದ ತೆಗೆದುಕೊಂಡರು. "ಆಕೀ ಏನ ಓದ್ತಾಳ, ಆಕೀಗೆ ನನ್ನ ಅಂಜಿಕಿ. ನಾನ ಹೇಳ್ತೀನಿ ಕೇಳು. ತಪ್ಪು ನಂದು ಅಂತ ಬರದಾರ. ಮನಿ ಹದಕ್ಕ ಬಂದಿದ್ದಿಲ್ಲ. ಇನ್ನೂ ಒಂದ ತಿಂಗಳು ತಡೀಬೇಕಿತ್ತು, ನಾ ಅವಸರ ಮಾಡಿದೆ. ಹನಿ ಹಾಕಿದ ಕೈ ಛಲೋ ಇತ್ತು, ಅದಕ್ಕ ನಾಲ್ಕ ದಿನರೆ ಉಳದವು, ಇಲ್ಲಂದ್ರ ಒಂದ ದಿನಾನೂ ಉಳೀತಿದ್ದಿಲ್ಲ ಅಂತ ಬರದಾರ."

ಕಾಕೂ ನನ್ನ ಮುಖ ನೋಡಿದರು. "ಖರೇನಾ?"

"ಖರೇ ಕಾಕೂ" ಅಂದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಬೈಗುಳ! "ನಿಮ್ಮ ಅವಸರಕ್ಕ ಬೆಂಕಿ ಬೀಳ್ಲಿ! ಪಾಪದ ಜೀವ, ಎಷ್ಟ ಛಂದ ಅರಳಿತ್ತು!" ಬೆಳಿಗ್ಗೆ ಬೈದರು, ಊಟಕ್ಕೆ ಬಡಿಸುತ್ತ ಬೈದರು, ಅಜ್ಜಿಯರನ್ನು ಕೂರಿಸಿಕೊಂಡು ಬೈದರು. ಕಾಕಾ ಬೆರಳೆತ್ತದೆ ಉಂಡರು. ಮೂರು ದಿನದಲ್ಲಿ ಕಾಕೂನ ಮುಖಕ್ಕೆ ಕಳೆ ಬಂದಿತ್ತು. ಬೈಯುವುದೂ ಒಂದು ಔಷಧವೇ ಇರಬೇಕು.

ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಮರಳು ಬದಲಿಸಿ, ಮತ್ತೆ ಭರಣಿಗಳು ಗೋವಾಕ್ಕೆ ಹೋದವು. ಈ ಸಲ ಕಾಕೂನೇ ಗಾರ್ಡು. "ನಾ ಹೇಳೂತನಕ ಏನೂ ತರೂಹಂಗಿಲ್ಲ" ಎಂದು ಪೂರ್ತಿ ನಾಲ್ಕು ತಿಂಗಳು ಕಾಯಿಸಿದರು. ಆಮೇಲೆ ಹೊಸ ಹೂವೊಂದು ಬಂದ ದಿನ ಮತ್ತೆ ಮಡಿಯುಟ್ಟು, ಅದೇ ತಾಮ್ರದ ಪಾತ್ರೆ ಹಿಡಿದು ಬಂದರು! ನಾನು ಕಾಕಾರ ಕಡೆ ನೋಡಿದೆ.

ಕಾಕಾ ಮೀಸೆ ತಿರುವುತ್ತ, "ದೇವರ ಪಾತ್ರಿ ಯಾಕ ಮೈಲಿಗಿ ಮಾಡ್ತೀ? ಆ ಹೂವು ಮಾಂಸಾ ತಿಂತದ" ಅಂದರು.

"ಮಾಂಸಾ?"

"ಮಿಸ್ತ್ರಿ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಕಾಗದದ ಪುಡಿಕಿ ತರತಾನಲ್ಲ, ಏನಂತ ತಿಳಿದಿದ್ದಿ?"

"ರಾಮ ರಾಮಾ! ಮೊದಲ ಯಾಕ ಹೇಳಲಿಲ್ಲರಿ?" ಪಾತ್ರೆ ಓಡಿಹೋಗಿ ದೇವರಮನೆ ಸೇರಿತು. ತಳಕ್ಕೆ ತೂತು ಕೊರೆದ ಮಣ್ಣಿನ ಮಡಕೆ ಬಂತು. ಮಾಂಸ ತಿನ್ನುವ ಹೂವೆಂದು ಹೂವನ್ನು ಮಾತ್ರ ಬಿಡಲಿಲ್ಲ. "ಪಾಪ, ಅದರ ಜಾತಿ ಹಂಗ ಅದ" ಎಂದು ಸಂಜೆಯತನಕ ಹನಿ ಹಾಕಿದರು.

ಹೂವು ಬದುಕಿತು. ವಾರವಾಯಿತು, ತಿಂಗಳಾಯಿತು, ಅಂಗೈಯಗಲ ಅರಳಿತು. ಓಣಿಯೇ ಬಂದು ನೋಡಿ ಹೋಯಿತು. ಒಂದು ಸಂಜೆ ನೆರೆಮನೆಯ ಬಾಣಂತಿ ಮಗಳು ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಬಗ್ಗಿ ನೋಡಬೇಕು, ಕೂಸು ಕೊಸರಾಡುತ್ತಿದೆ. ನಾನು ಕೈ ಚಾಚಬೇಕು ಅನ್ನುವಷ್ಟರಲ್ಲಿ ಕಾಕೂ, "ತಾ ಇಲ್ಲೆ, ನೀ ಸಮಾಧಾನದಿಂದ ನೋಡು" ಎಂದು ಕೂಸನ್ನು ಎತ್ತಿಕೊಂಡು ಸೊಂಟದ ಮೇಲೆ ಕೂರಿಸಿಕೊಂಡರು. ಕೂಸು ಅವರ ಮೂಗುತಿಗೆ ಕೈ ಹಾಕಿತು.

ಕಾಕಾ ಕೈಯಲ್ಲಿದ್ದ ಪತ್ರಿಕೆ ಕೆಳಗಿಳಿಸಿ ಹಾಗೇ ನೋಡುತ್ತ ಕುಳಿತುಬಿಟ್ಟರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು.

"ಏನ ನೋಡ್ಲಿಕ್ಕತ್ತೀರಿ?" ಎಂದು ಕಾಕೂ ಕೂಸನ್ನು ಆಡಿಸುತ್ತಲೇ ಗದರಿದರು. "ಗಾಳಿ ಹಾಕ್ರಿ ಹೂವಿಗೆ!"

"ಹೂಂ, ತಪ್ಪಾತು" ಎಂದು ಕಾಕಾ ತಿದಿ ಒತ್ತತೊಡಗಿದರು.