ಟಿಕ್ಯೂಎಂ ಮತ್ತು ಒಲೆಯ ಮೇಲಿನ ಕಾಳು

ಮಾರ್ಲೇನಿಯನ್ನು ನಾನು ಮೊದಲು ಭೇಟಿಯಾದದ್ದು ಫೋನಿನಲ್ಲಿ. ತುಂಜಾ ಪಟ್ಟಣ, 1996, ಒಂದು ಮಂಗಳವಾರದ ಬೆಳಿಗ್ಗೆ. ಆಲೂಗಡ್ಡೆ ಬೆಳೆಯುವ ನಮ್ಮ ಹಳ್ಳಿಯಿಂದ ಕಾಲೇಜಿಗೆ ಹೋದ ಮೊದಲಿಗ ನಾನು. ಆಗ ಪೇಜರ್ ಕಾಲ. ನಾವು ಫೋನಿನಲ್ಲಿ ಹೇಳಬೇಕು, ಪೇಜರ್ ಕಚೇರಿಯ ಹುಡುಗಿ ಟೈಪ್ ಮಾಡಿ ಎದುರಿನವರ ಪೇಜರಿನ ಪುಟ್ಟ ಪರದೆಗೆ ಕಳಿಸಬೇಕು. ಫ್ಯಾನಿ ಎಂಬ ಸಹಪಾಠಿಗೆ ನನ್ನ ಪ್ರೀತಿ ತಿಳಿಸಬೇಕಿತ್ತು. ಚೀಟಿ ನೋಡಿಕೊಂಡು ಓದಿದೆ:

“ಗೌರವಾನ್ವಿತ ಫ್ಯಾನಿಯವರಿಗೆ ಶುಭೋದಯ. ತಾವೂ ತಮ್ಮ ತಂದೆತಾಯಿಯೂ ದೇವರ ದಯೆಯಿಂದ ಕ್ಷೇಮವೆಂದು...”

“ಸಾರ್, ಜಾಗ ಮುಗೀತಾ ಬಂತು. ಪ್ರೀತಿ ಎಲ್ಲಿದೆ?”

“ಕೊನೇ ಸಾಲಲ್ಲಿ.”

“ಹಾಗಿದ್ರೆ ಟಿಕ್ಯೂಎಂ ಅಂತ ಹಾಕ್ಲಾ? ‘ತೆ ಕಿಯೆರೊ ಮೂಚೊ’, ನಿನ್ನ ತುಂಬಾ ಪ್ರೀತಿಸ್ತೀನಿ ಅನ್ನೋದರ ಮೊದಲಕ್ಷರಗಳು. ಸ್ಕೂಲಲ್ಲಿ ನಾವು ಹುಡುಗೀರು ಟೀಚರ್‌ಗೆ ಗೊತ್ತಾಗದ ಹಾಗೆ ನೋಟ್‌ಬುಕ್ ಅಂಚಲ್ಲಿ ಬರ್ಕೋತಿದ್ವಿ.”

“ನಾನು ಡಿಗ್ರಿ ಓದ್ತಿರೋನು ಕಣಮ್ಮ. ಪ್ರೀತಿನ ಪೂರ್ತಿಯಾಗೇ ಬರೀತೀನಿ.”

ಫ್ಯಾನಿಗೆ ತಲುಪಿದ್ದು ಅವಳ ತಂದೆತಾಯಿಯ ಕ್ಷೇಮಸಮಾಚಾರ ಮಾತ್ರ. ಜಗಳವಾಡಲು ಆ ಕಚೇರಿಗೇ ಹೋದೆ. ಎರಡು ವರ್ಷ ಜಗಳವಾಡಿ, ಆ ಟೈಪಿಸ್ಟ್ ಮಾರ್ಲೇನಿಯನ್ನೇ ಮದುವೆಯಾದೆ.

ಮೊಬೈಲ್ ಬಂದ ಮೇಲೆ ಆ ಮೂರಕ್ಷರ ದೇಶವನ್ನೇ ಆಳತೊಡಗಿತು. ಮಕ್ಕಳು, ಹಾಲಿನವನು, ಕೊನೆಗೆ ನಮ್ಮ ಪಾದ್ರಿ ಕೂಡ ಶರಣಾದರು. ನಾನು ಮಾತ್ರ ಘೋಷಿಸಿದೆ: ಪ್ರಾಣ ಹೋದರೂ ಈ ಎಲಿಯೇಸರ್ ಒಂದಕ್ಷರ ನುಂಗುವುದಿಲ್ಲ!

“ಒಂದೇ ಒಂದು ಸಲ ಕಳ್ಸಿ ನೋಡ್ರೀ,” ಎಂದು ಮಾರ್ಲೇನಿ ಪ್ರತಿ ವಾರ್ಷಿಕೋತ್ಸವಕ್ಕೂ ಕೇಳುತ್ತಿದ್ದಳು. ನಾನು ಎರಡು ಪುಟ ಕಳಿಸುತ್ತಿದ್ದೆ.

ಕಳೆದ ಭಾನುವಾರ ಅತ್ತೆ ಎರ್ಮೆನ್ಸಿಯಾ ಊಟಕ್ಕೆ ಬರುವವರಿದ್ದರು. ಕಾಳು ಬೇಯಿಸುವುದು ನನ್ನ ಪಾಲಿಗೆ. ಸೀಟಿ ಕಟ್ಟಿಕೊಳ್ಳುವ ಚಾಳಿಯ ಹಳೇ ಕುಕ್ಕರನ್ನು ಒಲೆಗೇರಿಸಿ ಅವಕಾಡೊ ತರಲು ಹೋದೆ. ಸಂತೆಯ ನಡುವೆ ನೆನಪಾಯಿತು: ಒಲೆ ಆರಿಸಿಲ್ಲ! ಮಾರ್ಲೇನಿ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ಕರೆ ಮಾಡಬಹುದಿತ್ತು. ಆದರೆ ಪದವೀಧರನ ಕೈ ಮೊದಲು ಹೋಗುವುದು ಬರವಣಿಗೆಗೆ. ಅವಕಾಡೊ ಬುಟ್ಟಿಗೆ ಒರಗಿ, ಅಲ್ಪವಿರಾಮಗಳನ್ನೂ ಬಿಡದೆ, ಸಾವಧಾನವಾಗಿ ಬರೆದು ಕಳಿಸಿದೆ.

ಮನೆಗೆ ಬಂದರೆ ಕುಕ್ಕರಿನ ಮುಚ್ಚಳ ಹಾರಿ ಬಾಗಿಲ ಬಳಿ ಬಿದ್ದಿತ್ತು. ಕಾಳು ಸೂರಿಗೆ ಮೆತ್ತಿಕೊಂಡಿತ್ತು. ಊಟಕ್ಕೆ ಕೂತವರಿಗೆಲ್ಲ ಕಾಣಲೆಂದು ಅಡುಗೆಮನೆಯ ಮೇಜಿನೆದುರು ತೂಗುಹಾಕಿದ್ದ ನನ್ನ ಪದವಿಪತ್ರದಿಂದ ಕಾಳಿನ ಕಟ್ಟು ಇಳಿಯುತ್ತಿತ್ತು.

ಅತ್ತೆ ಆಗಲೇ ಕುರ್ಚಿಯಲ್ಲಿ ಕೂತಿದ್ದರು. “ಬನ್ನಿ ಅಳಿಯಂದ್ರೇ. ನಮಗಿಂತ ಮೊದ್ಲು ನಿಮ್ಮ ಡಿಗ್ರಿ ಊಟ ಮಾಡ್ಬಿಡ್ತು.”

“ನಾನು ಬರೆದಿದ್ನಲ್ಲ, ಓದ್ಲಿಲ್ವಾ?” ಎಂದೆ ಹೆಂಡತಿಗೆ, ಎದೆ ಸೆಟೆಸಿ.

“ಓದಿದೆ. ‘ಗೌರವಾನ್ವಿತ ಪತ್ನಿಗೆ ಶುಭೋದಯ, ತಾವು ಹರವುತ್ತಿರುವ ಬಟ್ಟೆಗಳು ದೇವರ ದಯೆಯಿಂದ ಒಣಗುತ್ತಿವೆಯೆಂದು...’ ಸಾಯಂಕಾಲ ಪುರಸೊತ್ತಲ್ಲಿ ಓದೋಣ ಅಂತ ಫೋನ್ ಜೇಬಿಗೆ ಹಾಕ್ಕೊಂಡೆ. ಒಲೆ ಎಲ್ಲಿತ್ರೀ ಅದರಲ್ಲಿ?”

ಸೂರಿನಿಂದ ಒಂದು ಕಾಳು ನನ್ನ ಕಾಲರಿನ ಮೇಲೆ ಬಿತ್ತು.

“ಕೊನೇ ಸಾಲಲ್ಲಿ,” ಎಂದೆ.

ಈಗ ನಾನು ಮೊದಲು ಟಿಕ್ಯೂಎಂ ಎಂದು ಬರೆಯುತ್ತೇನೆ, ಆಮೇಲೆ ಒಲೆಯ ವಿಷಯ. ಉಳಿದ ಕ್ಷೇಮಸಮಾಚಾರವನ್ನು ಮನೆಗೆ ಬಂದು, ಅವಳನ್ನು ಎದುರಿಗೆ ಕೂರಿಸಿಕೊಂಡು, ಒಂದಕ್ಷರವನ್ನೂ ನುಂಗದೆ ಹೇಳುತ್ತೇನೆ.