ದಯಾವಂತರ ಜಗಳಗಳು

ಮೂಕಪ್ರಾಣಿಗಳ ಸೇವೆ ಮಾಡುವವರಿಗೆ ಪ್ರಾಣಿಗಳಿಂದ ತೊಂದರೆ ಆಗುವುದು ಕಡಿಮೆ. ಆಗುವುದೆಲ್ಲ ಮಾತು ಬರುವವರಿಂದಲೇ, ಅದೂ ವಾರಕ್ಕೊಂದಾದರೂ ಇದ್ದೇ ಇರುತ್ತದೆ. ಬೀದರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಅದರ ಜೊತೆಗೆ ಊರಿನ ಪ್ರಾಣಿದಯಾ ಬಳಗದ ಕಾರ್ಯದರ್ಶಿ ಕೆಲಸವೂ ನನ್ನ ಕೊರಳಿಗೆ ಬಿದ್ದಿದೆ. ಹಗಲೆಲ್ಲ ಸೀರೆ ಬಿಚ್ಚಿ ತೋರಿಸಿ, ಗಿರಾಕಿ ಒಂದನ್ನೂ ಕೊಳ್ಳದೆ ಎದ್ದು ಹೋದರೂ ನಗುತ್ತ ಮಡಚಿಡುವವನು ನಾನು. ಆ ತಾಳ್ಮೆ ನೋಡಿಯೇ ನನ್ನನ್ನು ಆರಿಸಿದರಂತೆ.

ಬಳಗದಲ್ಲಿ ಮುಖ್ಯರು ಇಬ್ಬರು. ಒಬ್ಬರು ಹೈಸ್ಕೂಲಿನಿಂದ ನಿವೃತ್ತರಾದ ಮೇಡಂ. ಇನ್ನೊಬ್ಬರು ಗೂಡ್ಸ್ ಟೆಂಪೊ ಓಡಿಸುವ ಭಾಯಿ. ಗಾಯಗೊಂಡ ಪ್ರಾಣಿ ಎಲ್ಲಿಯೇ ಬಿದ್ದಿರಲಿ, ಹೊತ್ತು ತರುವುದು ಇವರ ಟೆಂಪೊ, ಕೈತುತ್ತು ತಿನ್ನಿಸಿ ಎಬ್ಬಿಸಿ ನಿಲ್ಲಿಸುವುದು ಮೇಡಂ. ಇಬ್ಬರ ಮನಸ್ಸೂ ಬೆಣ್ಣೆ. ಈ ಮಾತನ್ನು ಮೇಡಂ ಎದುರಿಗೆ ಮಾತ್ರ ಆಡುವಂತಿಲ್ಲ, ಅವರು ಬೆಣ್ಣೆಯನ್ನೂ ಬಿಟ್ಟಿದ್ದಾರೆ.

ಜನವಾಡದ ರೈತ ಕಾಕಾ ಒಬ್ಬರು ತಮ್ಮ ಹೊಲದ ಮೂಲೆಯಲ್ಲಿ ನಮಗೆ ತಗಡಿನ ಶೆಡ್ ಹಾಕಿಕೊಳ್ಳಲು ಜಾಗ ಕೊಟ್ಟಿದ್ದಾರೆ. ಕಾಲು ಮುರಿದ ನಾಯಿಗಳು, ಒಂದು ಕುರುಡು ಕತ್ತೆ, ಯಾರೋ ಬಿಟ್ಟುಹೋದ ಮುದಿ ಎತ್ತು, ಕಾಲಿಗೆ ಪೆಟ್ಟಾದ ಒಂದು ಎಮ್ಮೆ ಅಲ್ಲಿವೆ. ಆ ಜಾಗ ಕೈಬಿಟ್ಟರೆ ಅವಕ್ಕೆಲ್ಲ ಮತ್ತೆ ಬೀದಿಯೇ ಗತಿ.

ಕರಿಚಹಾ

ಜಗಳ ಶುರುವಾಗಿದ್ದು ಚಹಾದಿಂದ. ಕರುವಿನ ಪಾಲನ್ನು ನಾವು ಕುಡಿಯಬಾರದು ಎಂದು ಮೇಡಂ ಒಂದು ದಿನ ಹಾಲು ಬಿಟ್ಟರು. ಬಿಟ್ಟವರು ಸುಮ್ಮನಿರದೆ ಬಳಗದ ಸಭೆಯಲ್ಲೂ ಇನ್ನು ಮುಂದೆ ಕರಿಚಹಾ ಮಾತ್ರ ಎಂದರು. ಭಾಯಿಯ ಮುಖ ಇಳಿದುಹೋಯಿತು. “ಮೇಡಂ, ಹಾಲಿಲ್ಲದ ಚಹಾ ಕುಡದು ಸ್ಟೇರಿಂಗ್ ಹಿಡದ್ರ ನನಗ ರಸ್ತಾನೇ ಕಾಣಂಗಿಲ್ರಿ” ಎಂದರು. ಅಲ್ಲಿಂದ ಬಳಗದಲ್ಲಿ ಎರಡು ಪಕ್ಷಗಳಾದವು.

ಆ ಹೊತ್ತಿಗೇ ಭಾತಂಬ್ರಾದ ನಮ್ಮ ಸದಸ್ಯರೊಬ್ಬರು ತಡವಾಗಿ ಬಂದರು. ಎಮ್ಮೆ ಕಟ್ಟಿದವರು, ಬಳಗಕ್ಕೆಂದು ಪ್ರೀತಿಯಿಂದ ಒಂದು ಕ್ಯಾನು ಹಾಲು ತಂದಿದ್ದರು. ಮೇಡಂ ಅವರನ್ನು ಎದುರಿಗೆ ಕೂರಿಸಿಕೊಂಡು, ಎಮ್ಮೆ ಹಿಂಡುವುದು ಎಂಥ ಅನ್ಯಾಯ ಎಂದು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದರು. ಅವರು ಕ್ಯಾನು ತೊಡೆಯ ಮೇಲೆ ಇಟ್ಟುಕೊಂಡು ಶಾಂತವಾಗಿ ಕೇಳಿದರು.

“ನೀವು ಹೇಳೋದು ಖರೆ ಅದರಿ ಮೇಡಂ. ಇವತ್ತಿನಿಂದ ಹಿಂಡೂದು ಬಿಡ್ತೇನಿ. ಕರು ಕುಡದು ಬಿಟ್ಟ ಮ್ಯಾಲೆ ಕೆಚ್ಚಲು ಬಿಗದು ಎಮ್ಮಿ ಒದರ್ತದಲ್ರಿ, ಆಗ ನಿಮಗ ಫೋನ್ ಹಚ್ಚಿ ಅದರ ಕಿವಿಗಿ ಹಿಡೀತೇನಿ. ಇದೇ ಮಾತು ಅದಕ್ಕೂ ಒಮ್ಮಿ ಹೇಳ್ರಿ.”

ಎತ್ತಿನ ರಜೆ

ಔರಾದ ಕಡೆ ಎತ್ತುಗಳನ್ನು ಬಿಡುವಿಲ್ಲದೆ ದುಡಿಸುತ್ತಾರೆಂದು ಯಾರೋ ಮೇಡಂಗೆ ಹೇಳಿದರು. ಹಳ್ಳಿಗೇ ಹೋಗಿ ತಿಳಿಹೇಳೋಣವೆಂದು ಅವರು ಹಟ ಹಿಡಿದರು. ಅಮಾವಾಸ್ಯೆ ದಿನ ನನ್ನ ಅಂಗಡಿಯಲ್ಲಿ ವ್ಯಾಪಾರ ಇರುವುದಿಲ್ಲ, ಅದಕ್ಕೆ ಶ್ರಾವಣದ ಅಮಾವಾಸ್ಯೆಯನ್ನೇ ಗೊತ್ತು ಮಾಡಿದೆವು. ‘ಎತ್ತುಗಳಿಗೂ ವಿಶ್ರಾಂತಿ ಕೊಡಿ’ ಎಂದು ಬ್ಯಾನರ್ ಬರೆಸಿ ಟೆಂಪೊ ಹತ್ತಿದೆವು.

ಹಳ್ಳಿ ಮುಟ್ಟಿದ ಮೇಲೆ ನನಗೆ ಹೊಳೆಯಿತು. ಅಂದು ಪೋಳಾ ಹಬ್ಬ. ವರ್ಷದಲ್ಲಿ ಎತ್ತಿನ ಕೊರಳಿಗೆ ನೊಗ ಇಡದ ದಿನ. ಎತ್ತುಗಳು ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಬೆನ್ನಿಗೆ ಝೂಲು ಹೊದ್ದು ಮದುಮಕ್ಕಳ ಹಾಗೆ ನಿಂತಿದ್ದವು. ಅವನ್ನು ತೊಳೆದು ತೊಳೆದು ಸುಸ್ತಾದ ಗಂಡಸರು ಕಟ್ಟೆಯ ಮೇಲೆ ಕೈಕಾಲು ಚಾಚಿದ್ದರು. ಮೇಡಂಗೆ ಶಾಲೆಯ ರಜೆಗಳೆಲ್ಲ ಬಾಯಿಪಾಠ, ಎತ್ತಿನ ರಜೆ ಗೊತ್ತಿರಲಿಲ್ಲ. ಭಾಯಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಗಾಡಿ ಹೊಡಿ ಅಂದ್ರಿ, ಹೊಡದೆ. ಸಲಹಾ ಯಾರೂ ಕೇಳಲಿಲ್ಲ ನೋಡ್ರಿ” ಎಂದರು. ಮೇಡಂ ಅವರನ್ನು ನೋಡಿದ ನೋಟಕ್ಕೆ ಪೂರ್ತಿ ಕ್ಲಾಸು ಬೆಂಚಿನ ಮೇಲೆ ನಿಲ್ಲಬೇಕಿತ್ತು.

ಬಂದ ಮೇಲೆ ಬಂದ ಕೆಲಸ ಮಾಡಲೇಬೇಕಲ್ಲ, ಬಿಸಿಲಲ್ಲಿ ಬ್ಯಾನರ್ ಹಿಡಿದು ನಿಂತೆವು. ಒಂದು ಮನೆಯ ಯಜಮಾನಿ ಹೋಳಿಗೆ ತಾಟು ಹಿಡಿದು ಬಂದು, ಮೊದಲು ಎತ್ತಿಗೆ ತಿನ್ನಿಸಿ, ಸೆರಗಿನಿಂದ ಅದರ ಬಾಯಿ ಒರೆಸಿ, ಆಮೇಲೆ ನಮ್ಮ ಬ್ಯಾನರನ್ನು ನಿಧಾನವಾಗಿ ಓದಿದರು.

“ಎತ್ತು ಉಂಡು ಕುಂತು ಮೆಲಕ ಹಾಕಲತ್ತದ. ನೀವು ಮುಂಜಾನಿಂದ ನಿಂತೇ ಇದ್ದೀರಿ. ಈ ಬ್ಯಾನರ್ ಯಾರಿಗಿ ಬರಸೀರಿ, ನಿಮಗೇ ಏನ್ರಿ?”

ಭಾಲ್ಕಿಯ ಕುಂಟ

ಭಾಲ್ಕಿ ಬಸ್ ನಿಲ್ದಾಣದಲ್ಲಿ ನಾಯಿಯೊಂದು ಕುಂಟುತ್ತಿದೆ ಎಂದು ಬಳಗದ ವಾಟ್ಸಾಪಿಗೆ ವಿಡಿಯೊ ಬಂತು. ನೋಡಿದರೆ ಕರುಳು ಚುರ್ ಎನ್ನಬೇಕು, ಹಾಗೆ ಕುಂಟುತ್ತಿತ್ತು. ಭಾಯಿ ಕೈಯಲ್ಲಿದ್ದ ಬಾಡಿಗೆ ಬಿಟ್ಟು ಹೋಗಿ ಅದನ್ನು ಶೆಡ್ಡಿಗೆ ತಂದರು. ಅರಿಶಿಣ ಹಚ್ಚಿ ಪಟ್ಟಿ ಕಟ್ಟೋಣ ಎಂದರು ಮೇಡಂ. ಸೀದಾ ದನದ ದವಾಖಾನೆಗೆ ಒಯ್ಯೋಣ ಎಂದರು ಭಾಯಿ. “ನಿಮಗ ನೋವು ತಿಳಿಯಂಗಿಲ್ಲ” ಎಂದರು ಮೇಡಂ. “ನಿಮಗ ಎಲುಬು ತಿಳಿಯಂಗಿಲ್ಲ” ಎಂದರು ಭಾಯಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂಗಾಡುತ್ತಿದ್ದಾಗ ನಾಯಿ ಟೆಂಪೊದಿಂದ ಜಿಗಿದು, ನಾಲ್ಕೂ ಕಾಲ ಮೇಲೆ ಕಾಕಾನ ಕೋಳಿ ಅಟ್ಟಿಸಿಕೊಂಡು ಹೊಲದ ತುಂಬ ಓಡಿತು.

ಅಷ್ಟರಲ್ಲಿ ಭಾಲ್ಕಿ ನಿಲ್ದಾಣದ ಹೋಟೆಲ್ ಮಾಲಕರೊಬ್ಬರ ಫೋನು ಬಂತು. “ನಮ್ಮ ನಾಯಿ ತಂದು ಬಿಡ್ರಿ. ಅದಕ್ಕ ಏನೂ ಆಗಿಲ್ಲ. ಕೈಯಾಗ ಬಿಸ್ಕೀಟು ಇದ್ದವರು ಬಸ್ಸಿನಿಂದ ಇಳದ್ರ ಕುಂಟತದ, ಬಸ್ ಹ್ವಾದ ಮ್ಯಾಲೆ ನೆಟ್ಟಗ ಆಗ್ತದ.”

ತರಿಸಿದವರು ಯಾರು, ನೋಡದೆ ತಂದವರು ಯಾರು ಎಂದು ದೊಡ್ಡ ಮಾತಾಯಿತು. ಅಂದಿನಿಂದ ಮೇಡಂ ಮತ್ತು ಭಾಯಿ ಮಾತು ಬಿಟ್ಟರು. ನಾಯಿಯನ್ನು ಭಾಯಿಯೇ ಭಾಲ್ಕಿಗೆ ಬಿಟ್ಟುಬಂದರು. ನಿಲ್ದಾಣದಲ್ಲಿ ಇಳಿದದ್ದೇ ತಡ, ಪ್ರಯಾಣಿಕರನ್ನು ಕಂಡು ಮತ್ತೆ ಕುಂಟತೊಡಗಿತಂತೆ. ಈ ಸಲ ಮರೆತು ಇನ್ನೊಂದು ಕಾಲಲ್ಲಿ.

ನಡುವೆ ಎಮ್ಮೆ

ಇಬ್ಬರೂ ಮಾತು ಬಿಟ್ಟ ಮೇಲೆ ಶೆಡ್ಡಿನ ಕೆಲಸ ಕೆಟ್ಟಿತು. ಅವರು ನೀರು ಹಾಕಿರಬಹುದೆಂದು ಇವರು, ಇವರು ಹಾಕಿರಬಹುದೆಂದು ಅವರು. ಒಂದು ದಿನ ಕುರುಡು ಕತ್ತೆಯ ತೊಟ್ಟಿ ಸಂಜೆವರೆಗೂ ಒಣಗಿತ್ತು. ಕಾಕಾ ನೋಡಿ ನನ್ನ ಅಂಗಡಿಗೇ ಬಂದರು. “ಪ್ರಾಣಿ ಸಲುವಾಗಿ ಜಾಗಾ ಕೊಟ್ಟೀನಿ, ನಿಮ್ಮ ಜಗಳದ ಸಲುವಾಗಿ ಅಲ್ಲ. ಒಂದಾಗ್ರಿ, ಇಲ್ಲಾ ಶೆಡ್ ಬಿಚ್ಚಕೊಂಡು ಹೋಗ್ರಿ. ಆಯ್ತವಾರ ಬಂದು ನೋಡ್ತೇನಿ” ಎಂದರು. ಕಣ್ಣು ಕಾಣದ ಆ ಕತ್ತೆಯನ್ನು ಯಾವ ರಸ್ತೆಯಲ್ಲಿ ಬಿಡುವುದು?

ಇಬ್ಬರ ಮನೆಗೂ ಹೋಗಿ ಕೈ ಮುಗಿದೆ. “ಅವರು ಮೊದಲು ಮಾತಾಡ್ಲಿ” ಎಂದರು ಮೇಡಂ. ಭಾಯಿಯೂ ಅದನ್ನೇ ಅಂದರು. ಆ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ.

ಕಾಕಾ ಬರುವ ಭಾನುವಾರ ಬೆಳಿಗ್ಗೆಯೇ ಶೆಡ್ಡಿನಲ್ಲಿದ್ದ ಎಮ್ಮೆ ಕರು ಹಾಕಿತು. ಕಾಲಿಗೆ ಪೆಟ್ಟಾಗಿ ರಸ್ತೆ ಬದಿ ಬಿದ್ದಿದ್ದ ಗಬ್ಬದ ಎಮ್ಮೆಯದು, ಚೊಚ್ಚಲು. ಹೆದರಿಕೊಂಡು ಕರುವನ್ನು ಹತ್ತಿರ ಬಿಟ್ಟುಕೊಳ್ಳದೆ ಒದೆಯುತ್ತಿತ್ತು. ದನದ ಡಾಕ್ಟರು ಬಂದು, “ಗಿಣ್ಣದ ಹಾಲು ಲಗೂನ ಹೊಟ್ಟಿಗಿ ಹೋಗಬೇಕು. ಹಿಂಡಿ ಬಾಟ್ಲಿಲೆ ಕುಡಸ್ರಿ. ಇಲ್ಲಂದ್ರ ಕರು ಉಳಿಯೋದು ಕಷ್ಟ ಅದ” ಎಂದು ಹೇಳಿ ಹೋದರು.

ಸುದ್ದಿ ಕೇಳಿ ಬಳಗದವರೆಲ್ಲ ಬಂದಿದ್ದರು. ಎಮ್ಮೆ ಸಾಕಿದ ಭಾತಂಬ್ರಾದವರು ಹಿಂಡಲು ಕೂತರು. ಎಮ್ಮೆ ಒದ್ದ ಒದೆತಕ್ಕೆ ಬಕೇಟು ಒಂದು ಕಡೆ, ಅವರು ಒಂದು ಕಡೆ. ಮಂಡಿ ಹಿಡಿದುಕೊಂಡು ಹೊರಗೆ ಹೋಗಿ ಕೂತರು. ಆ ಎಮ್ಮೆ ಮೈ ಮುಟ್ಟಗೊಡುತ್ತಿದ್ದುದು ದಿನಾ ಹುಲ್ಲು ಹಾಕುವ ಮೇಡಂಗೆ ಮಾತ್ರ. ಎಲ್ಲರೂ ಮೇಡಂ ಕಡೆ ನೋಡಿದೆವು. ಮೇಡಂ ಕರುವಿನ ಕಡೆ ನೋಡಿದರು. ಅದು ಏಳಲು ಹೋಗಿ ಮತ್ತೆ ಬಿತ್ತು. ಅವರು ಸೆರಗು ಸಿಕ್ಕಿಸಿ, ಬಕೇಟು ಹಿಡಿದು ಕೂತೇಬಿಟ್ಟರು.

ಕೂತರು, ಆದರೆ ಹಿಂಡಲು ಬರಬೇಕಲ್ಲ. ಬರುತ್ತಿದ್ದುದು, ಎಮ್ಮೆಯ ಕೊರಳ ಹಗ್ಗ ಹಿಡಿದು ನಿಂತ ಭಾಯಿಗೆ. ಮಾತು ಬಿಟ್ಟಿದೆ, ಹೇಳಿಕೊಡುವುದು ಹೇಗೆ? ಭಾಯಿ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಎಮ್ಮೆಯ ಕಿವಿಯ ಹತ್ತಿರ ಬಾಗಿದರು.

“ಅಮ್ಮಾ, ಮೇಡಂಗ ಹೇಳು, ಜಗ್ಗಬ್ಯಾಡ್ರಿ ಅಂತ. ಮ್ಯಾಲಿಂದ ಒತ್ತಿ ಕೆಳಗ ತರ್ರಿ ಅಂತ.”

ಮೇಡಂ ತಲೆ ಎತ್ತಲಿಲ್ಲ. “ತಾಯಿ, ಅವರಿಗಿ ಹೇಳು, ಹಗ್ಗ ಅಷ್ಟು ಬಿಗಿ ಹಿಡೀಬ್ಯಾಡ್ರಿ ಅಂತ. ನಿನಗ ನೋವಾಗ್ತದ.”

“ಅಮ್ಮಾ, ಸಡ್ಲ ಬಿಟ್ರ ಮೇಡಂ ಹಲ್ಲು ಉದುರ್ತಾವ ಅಂತ ಹೇಳು.”

ಮೇಡಂ ಎಮ್ಮೆಯ ಹಿಂಗಾಲು ನೋಡಿದರು. “ತಾಯಿ, ಹಾಂಗಿದ್ರ ಬಿಗೀನೇ ಇರಲಿ ಅನ್ನು.”

ಚರ್ ಎಂದು ಬಕೇಟಿಗೆ ಹಾಲು ಬಿತ್ತು. ಮೇಡಂ ಒಮ್ಮೆ ಓರೆಗಣ್ಣಿನಿಂದ ಆ ಕಡೆ ನೋಡಿ, “ತಾಯಿ, ಹಗ್ಗ ಕೊರದು ಅವರ ಕೈಯಾಗ ರಕ್ತ ಬಂದದ. ಔಷಧ ಹಚ್ಚಕೊಳ್ರಿ ಅಂತ ಹೇಳು” ಎಂದರು.

“ಅಮ್ಮಾ, ಮೊದಲ ಕರು ಕುಡೀಲಿ, ಆಮ್ಯಾಲೆ ಹಚ್ಚಕೋತೀನಿ ಅಂತ ಹೇಳು.”

ಇಬ್ಬರೂ ಸೇರಿ ಬಾಟ್ಲಿ ಹಿಡಿದು ಕುಡಿಸಿದರು. ಹೊಟ್ಟೆ ತುಂಬಿದ ಕರು ನಡುಗುವ ಕಾಲ ಮೇಲೆ ಎದ್ದು ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ಕಾಕಾ. ಯಾವಾಗ ಬಂದು ನಿಂತಿದ್ದರೋ, ಟೊಪ್ಪಿಗೆ ಕೈಯಲ್ಲಿ ಹಿಡಿದು ಎಲ್ಲ ಕೇಳಿಸಿಕೊಂಡಿದ್ದರು. ನಾನು ಅಂಜುತ್ತಲೇ ಹತ್ತಿರ ಹೋಗಿ, ಏನು ನಿರ್ಧಾರ ಮಾಡಿದಿರಿ ಎಂದು ಕೇಳಿದೆ.

“ಶೆಡ್ ಇರಲಿ ಬಿಡ್ರಿ” ಎಂದರು ಕಾಕಾ. “ಆದ್ರ ಒಂದು ಕರಾರು. ಈ ಎಮ್ಮಿ ಮಾತ್ರ ಎಲ್ಲಿಗೂ ಕಳಸಬ್ಯಾಡ್ರಿ. ಅದು ಹ್ವಾದ್ರ ಇವರಿಬ್ಬರು ಮಾತಾಡೋದು ಹ್ಯಾಂಗ?”